ಹದಿನೇಳು ಮನೆಗಳಾದ ಮೇಲೆ

ಫೆಬ್ರವರಿ ೧೧, ಮಂಗಳವಾರ

ನನ್ನ ಮಗಳಿಗೆ,

ಅಮ್ಮನ ಆಶೀರ್ವಾದ. ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಮೂರು ಸಲ ಉತ್ತರ ಬರೆದೆ, ಮೂರನ್ನೂ ಹರಿದುಹಾಕಿದೆ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ‘ಊಟ ಆಯ್ತಾ’ ಅನ್ನುತ್ತೀಯ, ನಾನು ‘ಆಯ್ತು’ ಅನ್ನುತ್ತೇನೆ, ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಬೈಯುವುದಿದ್ದರೆ ಬೈ, ಆದರೆ ಪೂರ್ತಿ ಓದಿ ಬೈ.

‘ಜೀವಮಾನವೆಲ್ಲ ಕಂಡವರ ಮನೆಯಲ್ಲಿ ಕಳೆದೆ, ಇನ್ನಾದರೂ ನಮ್ಮ ಜೊತೆ ಬಂದು ಇದ್ದುಬಿಡು, ಒಳಕೋಣೆಗೆ ಮಂಚ ಹಾಕಿಸಿದ್ದೇವೆ’ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಬರಲೋ ಬೇಡವೋ ಎಂಬುದನ್ನು ಈ ಕಾಗದದಲ್ಲಿ ಹೇಳಿಯೇ ತೀರಬೇಕು. ಹೇಳುತ್ತೇನೆ, ಸ್ವಲ್ಪ ತಡಿ.

ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಅಕ್ಟೋಬರಿನಲ್ಲಿ ತೀರಿಕೊಂಡರು. ‘ಇನ್ನೊಂದು ಮನೆ ಇದೆ ಸಿಸ್ಟರ್, ನಾಳೆಯೇ ಹೋಗ್ತೀರಾ’ ಎಂದು ಹೋಮ್ ನರ್ಸ್ ಏಜೆನ್ಸಿಯವರು ಕೇಳಿದರು. ಸೊಂಟ ಕೈಕೊಟ್ಟಿದೆ, ಸಾಕು ಅಂದೆ. ಈಗ ಒಂದು ರೂಮು ಹಿಡಿದಿದ್ದೇನೆ. ಒಂದು ಕಿಟಕಿ, ಒಂದು ಒಲೆ, ಕೆಳಗಡೆ ಝೆರಾಕ್ಸ್ ಅಂಗಡಿ. ಇಪ್ಪತ್ತೆಂಟು ವರ್ಷ ಯಾರಾದರೂ ‘ಸಿಸ್ಟರ್’ ಎಂದು ಕೂಗಿದರೆ ಸಾಕು, ಬಾಯಲ್ಲಿ ತುತ್ತಿದ್ದರೂ ಎದ್ದು ಓಡುತ್ತಿದ್ದೆ. ಈಗ ಯಾರೂ ಕೂಗುವುದಿಲ್ಲ. ಆದರೂ ತಟ್ಟೆಯ ಮುಂದೆ ಕೂತರೆ ಒಂದು ಕಾಲು ಏಳಲು ಸಿದ್ಧವಾಗಿಯೇ ಇರುತ್ತದೆ. ಒಂಟಿತನದ ಮಾತು ಕಾಯಿಲೆಯವರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೆ, ಹೂಂ ಹೂಂ ಎನ್ನುತ್ತ ದಿಂಬು ಸರಿಮಾಡಿದ್ದೆ. ಅವರು ಏನು ಹೇಳುತ್ತಿದ್ದರು ಎಂದು ಈಗ ತಿಳಿಯುತ್ತಿದೆ.

ಸೊಂಟಕ್ಕೆಂದು ಡಾಕ್ಟರು ಯೋಗ ಮಾಡಿ ಅಂದರು. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ಅಂದುಕೊಂಡೆ. ಲೈಬ್ರರಿಯ ಮಹಡಿ ಮೇಲಿನ ಹಾಲ್‌ನಲ್ಲಿ ಬೆಳಿಗ್ಗೆ ಕ್ಲಾಸು ನಡೆಯುತ್ತದೆ. ಹೇಳಿಕೊಡುವವರು ಹಿಂದೆ ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವರಂತೆ, ಎಲ್ಲರೂ ಅವರನ್ನು ಸೀಟಿ ಟೀಚರ್ ಎನ್ನುತ್ತಾರೆ. ಈಗ ಸೀಟಿ ಇಲ್ಲ, ಗಂಟಲೇ ಸಾಕು.

ಮೊದಲ ದಿನವೇ ನನ್ನ ಮಾನ ಹರಾಜಾಯಿತು. ಕೊನೆಯಲ್ಲಿ ಶವಾಸನ, ಎಲ್ಲರೂ ಅಂಗಾತ ಮಲಗಿ ಮೈ ಸಡಿಲ ಬಿಡಬೇಕು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ವಾಚ್ ರಿಪೇರಿಯವರು. ನಾನು ಕಣ್ಣು ಮುಚ್ಚಲಿಲ್ಲ, ಅಭ್ಯಾಸ ಬಲ, ಅವರ ಎದೆಯನ್ನೇ ನೋಡುತ್ತಿದ್ದೆ. ಏಳುತ್ತಿಲ್ಲ. ಹತ್ತು ಎಣಿಸಿದೆ, ಇಲ್ಲ. ಸೊಂಟ ನೋವೂ ಮರೆತು ಹಾರಿ ಅವರ ಮಣಿಕಟ್ಟು ಹಿಡಿದು, ‘ಯಾರಾದ್ರೂ ಆಂಬುಲೆನ್ಸ್ ಕರೀರಿ!’ ಎಂದು ಕಿರುಚಿಬಿಟ್ಟೆ. ಅವರು ಒಂದು ಕಣ್ಣು ತೆರೆದು, ‘ಏನ್ ತಾಯೀ, ಈಗ ತಾನೇ ಸ್ವಲ್ಪ ನೆಮ್ಮದಿ ಸಿಕ್ಕಿತ್ತು, ಅದಕ್ಕೂ ಕಲ್ಲು ಹಾಕಿದ್ರಲ್ಲ’ ಅಂದರು. ಇಡೀ ಹಾಲ್ ನಕ್ಕಿತು. ಈಗ ದಿನಾ ಬೆಳಿಗ್ಗೆ ನನ್ನ ಮುಂದೆ ಕೈ ಚಾಚಿ, ‘ಇನ್ನೂ ಇದ್ದೀನಿ ಸಿಸ್ಟರ್, ಬೇಕಾದ್ರೆ ನೋಡ್ಕೊಳ್ಳಿ’ ಎನ್ನುತ್ತಾರೆ. ನನ್ನ ದಿನದಲ್ಲಿ ನಗು ಅಂತ ಇದ್ದರೆ ಅದೊಂದೇ.

ಧ್ಯಾನ ಮಾತ್ರ ಬಹಳ ದಿನ ಒಲಿಯಲಿಲ್ಲ. ‘ಕಣ್ಣು ಮುಚ್ಚಿ ನಿಮ್ಮ ಮನೆಗೆ ಹೋಗಿ ಕೂತ್ಕೊಳ್ಳಿ’ ಎನ್ನುತ್ತಿದ್ದರು ಟೀಚರು. ಯಾವ ಮನೆಗೆ ಹೋಗಲಿ ಹೇಳು? ಕೆಲಸ ಮಾಡಿದ ಹದಿನೇಳು ಮನೆಗಳೂ ಸಾಲಾಗಿ ಬರುತ್ತಿದ್ದವು. ಯಾವ ಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆ, ಯಾವ ಬಾಗಿಲು ಕಿರುಗುಟ್ಟುತ್ತದೆ, ಎಲ್ಲ ಗೊತ್ತು. ಒಂದರಲ್ಲೂ ಕೂರಲು ಜಾಗವಿಲ್ಲ, ಪ್ರತಿ ಮನೆಯಲ್ಲೂ ಯಾರೋ ಕೆಮ್ಮುತ್ತಿದ್ದಾರೆ. ಕೊನೆಗೊಂದು ದಿನ ಟೀಚರಿಗೆ ನೇರವಾಗಿ ಹೇಳಿದೆ, ‘ನಂಗೆ ಹೋಗಿ ಕೂರೋಕೆ ಮನೆ ಅಂತ ಇಲ್ಲ ಕಣ್ರೀ.’ ಅವರು ಸಮಾಧಾನ ಮಾಡಲು ಬರಲಿಲ್ಲ. ‘ಹಾಗಾದ್ರೆ ಮನೆ ಬಿಡಿ. ಜನರ ಉಸಿರು ಎಣಿಸೋದು ಬರುತ್ತಲ್ಲ? ನಿಮ್ಮದೇ ಎಣಿಸಿ’ ಅಂದರು.

ನಗಬೇಡ ಮಗಳೇ, ಎಷ್ಟೋ ಜನರ ಕೊನೆಯ ಉಸಿರಿನವರೆಗೂ ಎಣಿಸಿದವಳು ನನ್ನದನ್ನು ಒಮ್ಮೆಯೂ ಎಣಿಸಿರಲಿಲ್ಲ. ನಿಮಿಷಕ್ಕೆ ಇಪ್ಪತ್ತಾರು. ಬೇರೆಯವರಿಗಾಗಿದ್ದರೆ ಆಗಲೇ ಡಾಕ್ಟರಿಗೆ ಫೋನು ಮಾಡುತ್ತಿದ್ದೆ. ವಾರ ಕಳೆದಂತೆ ಇಪ್ಪತ್ತಾಯಿತು, ಆಮೇಲೆ ಹದಿನಾಲ್ಕು. ಹೋದ ಗುರುವಾರ ಎಣಿಕೆಯೇ ತಪ್ಪಿಹೋಯಿತು. ಕೆಮ್ಮು ಇಲ್ಲ, ಗಂಟೆ ಇಲ್ಲ, ಯಾರೂ ಕರೆಯುತ್ತಿಲ್ಲ. ಮೊದಲು ಹೆದರಿಕೆಯಾಯಿತು. ಆಮೇಲೆ ಹೆದರಿಕೆಯೂ ಎದ್ದು ಹೋಯಿತು, ನಾನೊಬ್ಬಳೇ ಉಳಿದೆ. ಅಲ್ಲಿ ಚೆನ್ನಾಗಿತ್ತು. ಕಣ್ಣು ಬಿಟ್ಟಾಗ ಹಾಲ್ ಖಾಲಿ, ಟೀಚರು ಚಾಪೆ ಸುತ್ತುತ್ತಿದ್ದರು. ರೂಮಿಗೆ ಬಂದು ಬೀಗ ತೆಗೆದು ‘ಬಂದೆ’ ಎಂದು ಗಟ್ಟಿಯಾಗಿ ಹೇಳಿದೆ. ಒಳಗೆ ಯಾರೂ ಇರಲಿಲ್ಲ, ಸ್ವಲ್ಪ ಅಳುವೂ ಬಂತು. ಆದರೂ ಹೇಳಿದ್ದು ಹಿತವಾಗಿತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನ ಜೊತೆ ಇರಬೇಕೆಂಬ ಆಸೆ ಬೆಟ್ಟದಷ್ಟಿದೆ. ಆದರೆ ಹದಿನೆಂಟನೇ ಮನೆಗೆ ಹೋಗುವ ಹಾಗೆ ನಿನ್ನಲ್ಲಿಗೆ ಬರಲಾರೆ, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, ಯಾವಾಗ ಬೇಕಾದರೂ ಹೊರಡಲು ಸಿದ್ಧಳಾಗಿ. ಬಂದರೆ ಅಮ್ಮನಾಗಿ ಬರಬೇಕು. ಅದನ್ನು ನಿರ್ಧರಿಸುವವಳು ನಾನಲ್ಲ, ನೀನು.

ಮೈ ಕಡೆ ನೋಡಿಕೋ, ಕೆಲಸದ ನಡುವೆ ಊಟ ತಪ್ಪಿಸಬೇಡ. ಅಳಿಯಂದಿರಿಗೆ ಬಿಪಿ ಮಾತ್ರೆ ನೆನಪಿಸು. ಇಬ್ಬರೂ ನೂರು ಕಾಲ ಒಬ್ಬರಿಗೊಬ್ಬರು ಜೊತೆಯಾಗಿರಿ.

ನಿನ್ನ
ಹೆತ್ತಮ್ಮ

ವಿ.ಸೂ.: ಕಾಗದ ಮಡಿಸಿ ಲಕೋಟೆಗೆ ಹಾಕಿದವಳು ಮತ್ತೆ ಹೊರತೆಗೆದೆ. ಇದೊಂದನ್ನು ಬರೆಯಲಾಗದೆಯೇ ಮೊದಲಿನ ಮೂರನ್ನೂ ಹರಿದದ್ದು. ಧ್ಯಾನದಲ್ಲಿ ಒಳಗೊಂದು ಜಾಗ ಸಿಕ್ಕಿದ್ದನ್ನು ಬರೆದೆನಲ್ಲ, ಅಲ್ಲಿಗೆ ಮಾರನೆಯ ದಿನವೇ ಇದು ಬಂದು ನನ್ನೆದುರು ಕೂತಿತು. ನಿನಗೆ ಐದು ವರ್ಷವಿದ್ದಾಗ ಬಂದ ಜ್ವರ, ನಿನ್ನ ಎಡಗಿವಿಯನ್ನು ಕಿತ್ತುಕೊಂಡು ಹೋದ ಜ್ವರ. ‘ನಿಮ್ಮಮ್ಮನಿಗೆ ಸುದ್ದಿ ಮುಟ್ಟಲಿಲ್ಲ’ ಎಂದು ನಿನ್ನನ್ನು ಸಾಕಿದ ದೊಡ್ಡಮ್ಮ ಸಾಯುವವರೆಗೂ ಹೇಳಿದಳು, ನನ್ನ ಮಾನ ಉಳಿಸಲು. ಮುಟ್ಟಿತ್ತು. ಮೊದಲ ದಿನವೇ ಮುಟ್ಟಿತ್ತು. ಆಗ ನಾನು ಕೆಲಸಕ್ಕಿದ್ದ ಮನೆಯವರು ‘ಹೋಗಿ ಬನ್ನಿ ಸಿಸ್ಟರ್’ ಎಂದು ಕಳಿಸಿಯೂ ಕೊಟ್ಟರು. ಬಸ್ ನಿಲ್ದಾಣದವರೆಗೂ ಹೋದೆ. ಅದರ ಹಿಂದಿನ ಸಲ ನಾನು ಬಂದಾಗ ನೀನು ದೊಡ್ಡಮ್ಮನ ಬೆನ್ನ ಹಿಂದೆ ಅಡಗಿ, ‘ಈ ಆಂಟಿ ಯಾವಾಗ ಹೋಗ್ತಾರೆ?’ ಎಂದು ಕೇಳಿದ್ದೆ. ಜ್ವರದಲ್ಲಿ ನನ್ನ ಕೈ ತಳ್ಳಿ ಅವಳನ್ನು ಕರೆದರೆ ತಡೆದುಕೊಳ್ಳಲಾರೆ ಅನ್ನಿಸಿತು. ಮೂರು ಬಸ್ಸು ಹೋಗಲು ಬಿಟ್ಟೆ, ಹಿಂದಿರುಗಿ ಆ ಮನೆಯ ಅಜ್ಜನಿಗೆ ಔಷಧಿ ಕುಡಿಸಿದೆ. ಕಿವಿ ಸೋರುವುದನ್ನು ಮೊದಲ ದಿನವೇ ನಾನು ನೋಡಿದ್ದರೆ ಬಹುಶಃ ಉಳಿಯುತ್ತಿತ್ತು. ಇದನ್ನು ಓದಿದ ಮೇಲೂ ಬಾ ಅಂದರೆ ಬರುತ್ತೇನೆ. ಬೇಡ ಅನ್ನಿಸಿದರೆ ಒಂದು ಸಾಲು ಬರಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲ, ಅದೂ ಸುಳ್ಳು. ತುಂಬಾ ಬೇಜಾರಾಗುತ್ತದೆ.