ತಾಟು ಎತ್ತರಿಸಿ ಇಡಿ

ಇಸವಿ ೨೨೧೧, ಎರಡನೆಯ ಶ್ರಾವಣದ ನಲವತ್ತೊಂದನೆಯ ದಿನ
ಕಪ್ಪತಗುಡ್ಡದ ಬುಡದಿಂದ

ಗದಗಿನಲ್ಲಿ ಖಾನಾವಳಿ ನಡೆಸುವ ಕಸ್ತೂರೆವ್ವನವರಿಗೆ, ನಿಮಗೆ ಪರಿಚಯವೇ ಇಲ್ಲದ ಇಳಾವತಿಯ ಶರಣು.

ಶ್ರಾವಣಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನೀವು ನಕ್ಕರೆ ತಪ್ಪಿಲ್ಲ. ನಮ್ಮಲ್ಲಿ ಮಳೆ ನಿಲ್ಲುವ ತನಕ ಶ್ರಾವಣ ಮುಗಿಯುವುದಿಲ್ಲ. ನಿಂತ ಮಳೆ ಮತ್ತೆ ಹಿಡಿದುಕೊಂಡರೆ ಇನ್ನೊಂದು ಶ್ರಾವಣ. ಪಂಚಾಂಗದವರು ಮೋಡದೊಂದಿಗೆ ಜಗಳಕ್ಕೆ ನಿಂತು, ಸೋತು, ಮಾಡಿಕೊಂಡ ರಾಜಿ ಇದು. ನನ್ನ ಕನ್ನಡವೂ ನಿಮಗೆ ಅಷ್ಟಿಷ್ಟು ವಿಚಿತ್ರವಾಗಿ ಕಂಡೀತು, ಮನ್ನಿಸಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಒಬ್ಬರ ದನಿಯನ್ನು ಕೇಳಿ ಕೇಳಿ. ಆ ದನಿ ನಿಮ್ಮದೇ. ಅದರ ವಿಷಯಕ್ಕೆ ಬರುವ ಧೈರ್ಯ ನನಗೆ ಇನ್ನೂ ಆಗುತ್ತಿಲ್ಲ.

ಈ ಕಾಗದ ಬಂದಿರುವುದು ಹಿನ್ನಂಚೆಯಲ್ಲಿ. ಮುಂದಿನವರು ಹಿಂದಿನವರಿಗೆ ಬರೆಯುವ ಅಂಚೆ ಅದು. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ಉಪಕಾರ ನೆನೆಯಬಹುದು, ಕ್ಷಮೆ ಕೇಳಬಹುದು. ನಡೆದುಹೋದದ್ದನ್ನು ಬದಲಿಸುವ ಮಾತು ಮಾತ್ರ ಕೂಡದು ಎಂಬುದು ಕಟ್ಟಳೆ. ಹೆಚ್ಚಿನವರು ಅಜ್ಜಿಯ ಅಜ್ಜಿಗೆ ಬರೆದು ಹೂರಣದ ಹದ ಕೇಳುತ್ತಾರೆ. ಉತ್ತರ ಬರುವ ದಾರಿಯೇ ಇಲ್ಲ ಎಂಬುದು ಅವರಿಗೆ ಅಂಚೆ ಹೋದ ಮೇಲೆ ನೆನಪಾಗುತ್ತದೆ.

ನಾನು ಬೇನೆ ಬಿಡಿಸುವವಳು. ಸಿಕ್ಕುಬಿದ್ದ ನೂಲು ಬಿಡಿಸಿದಂತೆ, ಒಂದರ ಹಾಗೆ ಇನ್ನೊಂದು ಕಾಣುವ ಮಿದುಳಿನ ಬೇನೆಗಳನ್ನು ಬೇರೆ ಬೇರೆ ಮಾಡುವುದು ನನ್ನ ಕೆಲಸ. ಅವಕ್ಕೆ ನಾವು ಅವಳಿಬೇನೆ ಎನ್ನುತ್ತೇವೆ. ಎಲ್ಲವೂ ಒಂದೇ ಬಾಗಿಲಿನಿಂದ ಬರುತ್ತವೆ: ನಡಿಗೆ ನಿಧಾನವಾಗುತ್ತದೆ, ಮುಖದಲ್ಲಿ ನಗು ಮೂಡುವುದಿಲ್ಲ, ಅಂಗಿಯ ಗುಂಡಿ ಹಾಕಲು ಬೆರಳು ಒಲ್ಲೆನ್ನುತ್ತದೆ. ಒಳಗೆ ಬಂದ ಮೇಲೆ ಒಂದೊಂದರ ಗುಣ ಒಂದೊಂದು. ಒಂದರಲ್ಲಿ ಸುಮ್ಮನಿದ್ದ ಕೈ ನಡುಗುತ್ತದೆ, ಗುಳಿಗೆಗೆ ಬಗ್ಗುತ್ತದೆ. ನಿಮ್ಮ ಡಾಕ್ಟರು ಪಾರ್ಕಿನ್ಸನ್ ಎನ್ನುವುದು ಅದನ್ನು. ಇನ್ನೊಂದರಲ್ಲಿ ಎದ್ದು ನಿಂತ ಕೂಡಲೇ ರಕ್ತದೊತ್ತಡ ಕುಸಿದು ಕಣ್ಣಿಗೆ ಕತ್ತಲೆ ಬರುತ್ತದೆ. ಮತ್ತೊಂದರಲ್ಲಿ ಒಂದು ಕೈ ಮಾತ್ರ ಹೇಳಿದ ಮಾತು ಕೇಳದೆ ತನ್ನಷ್ಟಕ್ಕೆ ತಾನೇ ಏನನ್ನೋ ಹಿಡಿದುಕೊಳ್ಳುತ್ತದೆ. ಕೊನೆಯದೊಂದಿದೆ. ಅದರಲ್ಲಿ ಮನುಷ್ಯ ನಿಂತಲ್ಲಿಂದ ಹಿಂದಕ್ಕೆ ಬೀಳುತ್ತಾನೆ, ಗುಳಿಗೆ ನಾಟುವುದಿಲ್ಲ, ಕಣ್ಣುಗುಡ್ಡೆ ಕೆಳಗೆ ಇಳಿಯುವುದಿಲ್ಲ. ಎದುರಿಗಿನ ಗೋಡೆ ಕಾಣುತ್ತದೆ, ಕಾಲ ಬಳಿಯ ಮೆಟ್ಟಿಲು ಕಾಣುವುದಿಲ್ಲ. ನೆಲದ ಮೇಲೆ ಇಟ್ಟ ತಾಟೂ ಕಾಣುವುದಿಲ್ಲ. ನಿಮ್ಮ ಯಜಮಾನರು ಗುರುಸಿದ್ದಪ್ಪನವರಿಗೆ ಆಗಿರುವುದು ಇದು.

ನಮ್ಮಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಮನೆಯ ಮಕ್ಕಳು ಹಿರಿಯರ ಮುಂದೆ ಒಂದು ನಿಂಬೆಹಣ್ಣು ಹಿಡಿದು ಮೇಲೆ, ಕೆಳಗೆ, ಅತ್ತ, ಇತ್ತ ಆಡಿಸುತ್ತಾರೆ. ಹಿರಿಯರು ತಲೆ ಅಲ್ಲಾಡಿಸದೆ ಬರೀ ಕಣ್ಣಿನಿಂದ ಅದರ ಬೆನ್ನು ಹತ್ತಬೇಕು. ಮಕ್ಕಳಿಗೆ ಅದೊಂದು ಆಟ, ನಮಗೆ ಪರೀಕ್ಷೆ; ಹಣ್ಣು ಆಮೇಲೆ ಚಿತ್ರಾನ್ನಕ್ಕೆ ಹೋಗುತ್ತದೆ. ಹೋದ ವರ್ಷ ನನ್ನ ಗಂಡ ಮಲ್ಹಾರನ ಕಣ್ಣು ನಿಂಬೆಹಣ್ಣಿನ ಜೊತೆ ಅರ್ಧ ದಾರಿ ಇಳಿದು ನಿಂತುಬಿಟ್ಟಿತು. ಅಜ್ಜ ಮೋಸ ಮಾಡುತ್ತಿದ್ದಾನೆ ಎಂದು ಮೊಮ್ಮಗಳು ದೂರು ತಂದಳು. ಅವಳಿಬೇನೆಗಳಲ್ಲಿ ಒಂದರ ಮದ್ದು ಇನ್ನೊಂದಕ್ಕೆ ವಿಷ. ಯಾವುದೆಂದು ಬಿಡಿಸಿ ನೋಡಿ, ತಕ್ಕ ಮದ್ದು ಕೊಟ್ಟೆವು. ಬೇನೆ ಅಲ್ಲಿಗೇ ನಿಂತಿತು, ಕಣ್ಣು ಮತ್ತೆ ಕೆಳಗೆ ಇಳಿಯತೊಡಗಿತು. ಈಗಲೂ ಮಲ್ಹಾರ ಉಪ್ಪು ಕಡಿಮೆ ಎಂದು ತಕರಾರು ಮಾಡುತ್ತಲೇ ಉಣ್ಣುತ್ತಾನೆ.

ಈ ವಿದ್ಯೆ ನಮಗೆ ಬಂದದ್ದು ನಿಮ್ಮ ಮನೆಯಿಂದ. ನಿಮಗೆ ಇನ್ನು ಮುಂದೆ ಆಗಲಿರುವುದು ನನಗೆ ಆಗಿಹೋದದ್ದು, ಹಾಗೆಂದೇ ಹೇಳುತ್ತೇನೆ. ಗುರುಸಿದ್ದಪ್ಪನವರು ಕೊನೆಯವರೆಗೂ ಪಾರ್ಕಿನ್ಸನ್ ಎಂಬ ತಪ್ಪು ಹೆಸರನ್ನೇ ಹೊತ್ತರು. ಅವರು ಹೋದ ಮೇಲೆ ಆಸ್ಪತ್ರೆಯವರು ಮಿದುಳು ಕೇಳಿದರು, ನೀವು ಕೊಟ್ಟಿರಿ. ಒಳಗೆ ಇದ್ದದ್ದು ಬೇರೆಯೇ ಬೇನೆ. ಗಾಬರಿಯಾದ ಡಾಕ್ಟರು ನಿಮ್ಮನ್ನು ಕೂರಿಸಿಕೊಂಡು, ಎಲ್ಲಿಂದ ಶುರುವಾಯಿತು ಹೇಳಿ ಅಂದರು. ನೀವು ಅಳುತ್ತಾ ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡರು. ಬೇನೆ ಬಿಡಿಸುವ ವಿದ್ಯೆಗೆ ಸೇರಿದವರು ಮೊದಲ ದಿನ ಕೇಳುವುದು ಅದನ್ನೇ:

“ನಮ್ಮ ಖಾನಾವಳ್ಯಾಗ ಊರ ಮಂದಿಗೆಲ್ಲಾ ಬಗ್ಗಿ ಬಗ್ಗಿ ಬಡಿಸಿದಾಂವ್ರೀ. ಕಡೀಕ ತಾ ಉಣ್ಣಾಕ ಕುಂತ್ರ ತಾಟಿನ ಕಡಿ ನೋಡತಿದ್ದಿಲ್ಲ. ಕಣ್ಣು ನೆತ್ತಿಗೇರ್ಯಾವು ಅಂತ ಮಂದಿ ಆಡಿಕೊಂಡ್ರು. ನನ್ನ ಅಡಿಗಿ ಸೇರವಲ್ದು ಅಂತ ನಾನೂ ತಿಳಕೊಂಡೆ. ದೀಪಾವಳಿ ಪಾಡ್ಯದ ದಿನಾ ಸಿಟ್ಟೀಲೆ ತಾಟು ಎಳಕೊಂಡು ಒಳಗ ಹೋದ್ನಿ. ಹೊಳ್ಳಿ ಬಂದು ನೋಡ್ತೇನಿ, ತಾಟು ಇದ್ದ ಜಾಗಾದಾಗ ನೆಲದ ಮ್ಯಾಲೆ ಕೈ ಆಡಿಸ್ಕೊಂತ ಕುಂತಾನ್ರೀ.”

ಅಲ್ಲಿಯ ತನಕ ಕೈಕಾಲನ್ನೇ ಪರೀಕ್ಷೆ ಮಾಡುತ್ತಿದ್ದವರು ಅಲ್ಲಿಂದ ಮುಂದೆ, ಊಟಕ್ಕೆ ಕೂತಾಗ ತಾಟು ನೋಡುತ್ತಾರೆಯೇ ಎಂದು ಮೊದಲು ಕೇಳತೊಡಗಿದರು. ನಮ್ಮ ನಿಂಬೆಹಣ್ಣು ಹುಟ್ಟಿದ್ದು ನಿಮ್ಮ ಆ ಅಳುವಿನಿಂದ. ವಿದ್ಯಾರ್ಥಿಯಾಗಿದ್ದಾಗ ನಾನು ಅದನ್ನು ಪಾಠವೆಂದು ಕೇಳಿದ್ದೆ. ಮಲ್ಹಾರ ಗುಣವಾದ ಮೇಲೆ ಇನ್ನೊಮ್ಮೆ ಕೇಳಿದೆ. ನಿಮ್ಮ ಮನೆಯಲ್ಲಿ ಕಿತ್ತುಕೊಂಡ ತಾಟಿನಲ್ಲಿ ನಾನು ದಿನವೂ ಉಣ್ಣುತ್ತಿದ್ದೇನೆ ಅನ್ನಿಸಿತು.

ಈಗ ಆ ಬೇನೆಯ ಹೆಸರು. ಅದು ನನ್ನ ಬೆರಳ ತುದಿಯಲ್ಲೇ ಇದೆ, ಆದರೂ ಬರೆಯುವುದಿಲ್ಲ. ಹಿಂದಕ್ಕೆ ಬೀಳುತ್ತಾರೆ, ಗುಳಿಗೆ ಹತ್ತುವುದಿಲ್ಲ ಎಂದು ನೀವು ಆಸ್ಪತ್ರೆಯಲ್ಲಿ ಎಷ್ಟು ಸಲ ಹೇಳಿದಿರಿ, ಯಾರು ಕಿವಿಗೊಟ್ಟರು? ಖಾನಾವಳಿಯ ಹೆಂಗಸು ಲಕ್ಷಣ ಹೇಳಿದರೆ ಗುಳಿಗೆ ಹೆಚ್ಚು ಮಾಡಿ ಕಳಿಸುತ್ತಾರೆ. ಹೆಸರು ಹೇಳಿದರೆ ಎದ್ದು ಕೂರುತ್ತಾರೆ. ಆಗ ನಿಮ್ಮ ಯಜಮಾನರ ಚೀಟಿಯ ಮೇಲೆ ಸರಿಯಾದ ಹೆಸರು ಬೀಳುತ್ತದೆ, ಮಿದುಳು ತೆಗೆದು ನೋಡಿ ಗಾಬರಿಯಾಗುವವರು ಯಾರೂ ಇರುವುದಿಲ್ಲ, ನಿಮ್ಮನ್ನು ಕೂರಿಸಿಕೊಂಡು ಕೇಳುವವರೂ ಇರುವುದಿಲ್ಲ. ನಿಂಬೆಹಣ್ಣೂ ಇರುವುದಿಲ್ಲ. ಆಮೇಲೆ ಮಲ್ಹಾರನ ಗತಿ ಏನು? ನಿಮ್ಮ ಕಾಲದಲ್ಲಿ ಈ ಬೇನೆಗೆ ಮದ್ದಿಲ್ಲ, ಹೆಸರು ತಿಳಿದರೂ ಅವರು ಉಳಿಯುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಅದು ನಿಜವೂ ಹೌದು. ಆದರೆ ನಾನು ಬಾಯಿ ಮುಚ್ಚಿಕೊಂಡಿರುವುದು ಅದಕ್ಕಲ್ಲ. ನನ್ನ ಗಂಡನನ್ನು ಉಳಿಸಿಕೊಳ್ಳಲು ನಿಮ್ಮ ಗಂಡನ ಮೇಲಿನ ತಪ್ಪು ಹೆಸರನ್ನು ಹಾಗೇ ಬಿಡುತ್ತಿದ್ದೇನೆ. ಸ್ವಾರ್ಥಕ್ಕೆ ಬೇರೆ ಬಣ್ಣ ಬಳಿದು ನಿಮ್ಮ ಮುಂದೆ ಇಡಲಾರೆ. ಬೈಯಬೇಕೆನ್ನಿಸಿದರೆ ಬೈದುಬಿಡಿ, ತಾಯಿ.

ಇಷ್ಟಕ್ಕೇ ಮುಗಿಸಿದ್ದರೆ ಕಟ್ಟಳೆಯೂ ಉಳಿಯುತ್ತಿತ್ತು. ಆದರೆ ಈ ಕಾಗದ ನಿಮ್ಮ ಕೈಸೇರುವುದು ದೀಪಾವಳಿಗೆ ಮುಂಚೆ. ಆ ತಾಟು ಇನ್ನೂ ಅವರ ಮುಂದೆಯೇ ಇದೆ. ಅದನ್ನು ತಿಳಿದೂ ಸುಮ್ಮನಿರಲು ನನ್ನಿಂದಾಗಲಿಲ್ಲ. ಎಳೆದುಕೊಳ್ಳಬೇಡಿ. ನಿಮ್ಮ ಅಡುಗೆ ಅವರಿಗೆ ಸೇರುತ್ತದೆ. ಅವರಿಗೆ ಸೊಕ್ಕು ಬಂದಿಲ್ಲ. ಕಣ್ಣು ಕೆಳಗೆ ಇಳಿಯುತ್ತಿಲ್ಲ, ಅಷ್ಟೇ. ಹಿಟ್ಟಿನ ಡಬ್ಬಿಯ ಮೇಲೆ ಮಣೆ ಇಟ್ಟು, ಅದರ ಮೇಲೆ, ಮುಖದ ಎತ್ತರಕ್ಕೆ ತಾಟು ಇಡಿ. ರೊಟ್ಟಿ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಅವರೇ ನೋಡಿಕೊಳ್ಳುತ್ತಾರೆ. ಮುಂದೆ ಡಾಕ್ಟರು ಬಂದು ಕೇಳಿದ ದಿನ, ಮನಸ್ಸು ಒಪ್ಪಿದರೆ ಮಿದುಳು ಕೊಡಿ, ತಾಟಿನ ಸಂಗತಿ ಹೇಳಿ. ನೆಲದ ಮೇಲೆ ಕೈ ಆಡಿಸಿದ ಮಾತು ಈ ಸಲ ಅದರಲ್ಲಿ ಇಲ್ಲದಿರಲಿ.

ಅಳುವೇ ಇಲ್ಲದ ನಿಮ್ಮ ಮಾತು ಯಾರ ಎದೆಗೂ ತಟ್ಟದೆ, ನಿಂಬೆಹಣ್ಣು ಹುಟ್ಟದೇ ಹೋಗಬಹುದು. ಆ ಲೆಕ್ಕ ನನಗೆ ಗೊತ್ತು. ಮಲ್ಹಾರನಿಗೆ ಹೇಳಿಲ್ಲ. ಎದುರಿಗೆ ಕೂತು, ಕಣ್ಣು ತಗ್ಗಿಸಿ, ತಾಟಿನಲ್ಲಿ ಉಪ್ಪು ಹುಡುಕುತ್ತಿದ್ದಾನೆ. ಕಾಗದ ಅಂಚೆಗೆ ಹಾಕಿ ಬಂದು, ಅವನಿಗೂ ಬೇಕಾದೀತೆಂದು ಒಂದು ಡಬ್ಬಿ, ಒಂದು ಮಣೆ ತೆಗೆದು ಒರೆಸಿ ಇಟ್ಟುಕೊಳ್ಳುತ್ತೇನೆ.

ಇಳಾವತಿ