ಯಾವ ಮೀನು ಏನು ತಿನ್ನುತ್ತದೆ

ವೈಪಾಯೆ, ಐತುತಾಕಿ
ಆಗಸ್ಟ್ 9, 1988

ಪ್ರೀತಿಯ ತಂಗಿ ಮೆರೆಯಾನಾಗೆ,

ರಾರೊಟೊಂಗಾದಲ್ಲಿ ನೀನು ಸುಖವಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೈಯಬೇಡ. ಕೈಯೆಲ್ಲ ಮೀನಿನ ವಾಸನೆ, ಪೆನ್ನು ಹಿಡಿಯುವ ಹಾಗಿರಲಿಲ್ಲ ಎಂದರೆ ನೀನು ನಂಬುವವಳಲ್ಲ. ಆದರೂ ಅದು ಅರ್ಧ ನಿಜ.

ನಮ್ಮ ಹುಡುಗಿ ಮಾರಾಮಾಗೆ ಮೀನುಗಾರಿಕೆ ಕಚೇರಿಯಲ್ಲಿ ಕೆಲಸ ಸಿಕ್ಕಿದೆ. ನಮ್ಮ ಒಳಗಡಲಿನಲ್ಲಿ ಎರಡು ಜಾತಿಯ ಮೀಸೆ ಮೀನುಗಳಿವೆಯಲ್ಲ, ಹಳದಿ ಗೀಟಿನದು ಮತ್ತು ಬಾಲದ ಬಳಿ ಕಪ್ಪು ಚುಕ್ಕೆಯದು. ಹೊಟ್ಟೆ ಕೊಯ್ದು, ಯಾವುದು ಏನು ತಿಂದಿದೆ ಎಂದು ಬರೆಯಬೇಕು. ಒಂದೊಂದು ಜಾತಿಯಲ್ಲಿ ಐವತ್ತು ಮೀನು.

ಮೊದಲ ದಿನ ನಮ್ಮ ಯಜಮಾನರು ಪೌರೊ ಇಪ್ಪತ್ತು ಮೀನು ತಂದರು. ಎಲ್ಲದರ ಹೊಟ್ಟೆಯನ್ನೂ ದೋಣಿಯಲ್ಲೇ ಬಗೆದು, ತೊಳೆದು, ಥಳಥಳ ಅನ್ನುವಂತೆ ಮಾಡಿಕೊಂಡು! ಮಾರಾಮಾ ತಲೆಯ ಮೇಲೆ ಕೈಹೊತ್ತು ಕೂತಳು.

“ಅಪ್ಪಾ, ನಂಗೆ ಬೇಕಿದ್ದಿದ್ದೇ ಹೊಟ್ಟೆ!”

“ಕರುಳು ಸಮೇತ ಮೀನನ್ನ ಯಾರಾದ್ರೂ ಮನೆಗೆ ತರ್ತಾರೇನೇ? ನಮ್ಮಪ್ಪ ಇದ್ದಿದ್ರೆ ದೋಣಿಯಿಂದ ಇಳಿಯೋಕೇ ಬಿಡ್ತಿರ್ಲಿಲ್ಲ!”

ಅವನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಅಕ್ಕಪಕ್ಕದವರಿಗೂ ಹಂಚಿದೆ. ಮರುದಿನದಿಂದ ಬಲೆ ಹಾಕಲು ನಾನೇ ಹೋಗುತ್ತಿದ್ದೇನೆ.

ನಾನು ಕೊಯ್ಯುತ್ತೇನೆ, ಅವಳು ಭೂತಗನ್ನಡಿ ಹಿಡಿದು ಬರೆಯುತ್ತಾಳೆ. ಹಳದಿಯದು ಮರಳಿನ ಮೇಲ್ಮೇಲೆ ಸಿಗುವ ಸಣ್ಣ ಸೀಗಡಿ, ಏಡಿಮರಿ ತಿಂದಿರುತ್ತದೆ. ಚುಕ್ಕೆಯದು ಮೂತಿ ಹೂತುಹೋಗುವಷ್ಟು ಕೆದಕಿ ಹುಳ ಹುಡುಕುತ್ತದಂತೆ. “ಒಂದೇ ಕುಲ, ಒಂದೇ ಮರಳು, ಊಟ ಮಾತ್ರ ಬೇರೆ. ಅದಕ್ಕೇ ಅವುಕ್ಕೆ ಜಗಳ ಇಲ್ಲ ನೋಡಮ್ಮಾ” ಅಂದಳು. ನನಗೆ ನೀನೂ ನಾನೂ ನೆನಪಾದೆವು. ಒಂದೇ ತಟ್ಟೆಗೆ ಎಷ್ಟು ಕಿತ್ತಾಡಿದ್ದೇವೆ!

ನಿನ್ನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೋ. ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ಅಕ್ಕ,
ತೆಪೈರು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. “ಗಂಡ ಹೋದ ಮೇಲೆ ಒಬ್ಬಳೇ ಇರಲಾರೆ, ನನ್ನ ಮಗಳನ್ನು ಕಳಿಸಿಕೊಡು” ಎಂದು ಬರೆದಿದ್ದೆಯಲ್ಲ, ಆ ಕಾಗದವನ್ನು ಎರಡು ತಿಂಗಳು ಚಾಪೆಯ ಕೆಳಗೆ ಬಚ್ಚಿಟ್ಟಿದ್ದೆ. ನಿನ್ನೆ ಮಾರಾಮಾಗೆ ಕೊಟ್ಟೆ. ಓದಿ, ಮಡಿಸಿ ನನ್ನ ಕೈಗೇ ಕೊಟ್ಟು, “ನೂರು ಮೀನು ಮುಗಿಸಿ ಹೋಗ್ತೀನಮ್ಮಾ” ಅಂದಳು. ಇನ್ನು ಹನ್ನೊಂದು ಉಳಿದಿವೆ. ಬಲೆ ಹಾಕುವುದನ್ನೇ ನಿಲ್ಲಿಸಿಬಿಡಲೇ ಎಂದು ಯೋಚಿಸಿದೆ, ತಂಗಿ. ನಿಲ್ಲಿಸುವುದಿಲ್ಲ.

ನನಗೆ ಮಕ್ಕಳಾಗಲಿಲ್ಲವೆಂದು, ನಮ್ಮವರ ಪದ್ಧತಿಯಂತೆ, ಹನ್ನೆರಡು ದಿನದ ಕೂಸಾಗಿದ್ದ ಅವಳನ್ನು ನನ್ನ ಮಡಿಲಿಗೆ ಹಾಕಿದವಳು ನೀನು. ಯಾವ ಹೊತ್ತಿಗೆ ಹಾಲು ಕೇಳುತ್ತಾಳೆಂದು ಅಳುತ್ತಳುತ್ತಲೇ ನೀನು ಹೇಳಿಕೊಟ್ಟಿದ್ದೆ. ಈಗ ನನ್ನ ಸರದಿ. ದೀವಿಹಲಸು ಸುಟ್ಟರೆ ಮಾತ್ರ ತಿನ್ನುತ್ತಾಳೆ, ಬೇಯಿಸಿದ್ದು ಮುಟ್ಟುವುದಿಲ್ಲ. ಬೇಜಾರಾದರೆ ಹಸಿವಿಲ್ಲ ಎನ್ನುತ್ತಾಳೆ, ನಂಬಬೇಡ. ಮೀನಿನ ತಲೆಯನ್ನು ಅವಳಿಗೇ ಇಡು. ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ಅದನ್ನು ಬೇರೆ ಯಾರೂ ತಿಂದಿಲ್ಲ.