ಗಂಟು ಬೀಳದ ತಿಂಗಳು

ವಿರಾಸತಿನ, ಅಂದರೆ ವಾರಸುದಾರಿಕೆಯ, ಫೈಸಲಾ ಬರೆಯುವ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿ ಜಿಜಾಬಾಯಿಗೆ, ಗಂಡ ಸತ್ತ ಐದು ದಿನಕ್ಕೆ ಗರ್ಭ ನಿಂತಿತೆಂದು ತಾವು ತೀರ್ಮಾನಿಸಿದ್ದೀರಿ. ಆಕೆಯ ಮಗನ ತಂದೆಯ ಹೆಸರು ಇರಬೇಕಾದ ಜಾಗದಲ್ಲಿ ‘ನಾಮಾಲೂಮ್’ ಎಂದು ಬರೆಸಿದ್ದೀರಿ. ಗೊತ್ತಿಲ್ಲ ಎಂದು ಅದರ ಅರ್ಥ. ಯಾರಿಗೆ ಗೊತ್ತಿಲ್ಲ ಎಂಬುದನ್ನು ಮಾತ್ರ ಬರೆಸಿಲ್ಲ. ಕನ್ನಡದ ಕಾಗದ ಓದುವವರು ತಮ್ಮ ಕಚೇರಿಯಲ್ಲಿಲ್ಲವೆಂದು ನನ್ನ ಅರ್ಜಿ ಎರಡು ಸಲ ಮರಳಿ ಬಂತು. ಅದಕ್ಕೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ತಾವು ಓದದಿದ್ದರೂ ನಾಲ್ಕು ಜನ ಓದುತ್ತಾರೆ.

ಸಿಟ್ಟಿನಿಂದ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಸಿಟ್ಟು ಮೊದಲ ವಾರದಲ್ಲೇ ಮುಗಿಯಿತು. ಈಗ ಬೆಳಿಗ್ಗೆ ಏಳುತ್ತೇನೆ, ಗುಡಿಯ ಪಡಸಾಲೆಯಲ್ಲಿ ಕೂತು ಊರಿನ ಮಕ್ಕಳಿಗೆ ಕೂಡುವ ಕಳೆಯುವ ಲೆಕ್ಕ ಹೇಳಿಕೊಡುತ್ತೇನೆ, ಮನೆಗೆ ಬರುತ್ತೇನೆ. ಮಧ್ಯಾಹ್ನ ಏನು ಉಂಡೆನೆಂದು ಸಂಜೆ ಕೇಳಿದರೆ ನೆನಪಿರುವುದಿಲ್ಲ.

ತಂಗಿಯನ್ನು ಹುಡಗಿ ಎಂಬ ಊರಿಗೆ ಕೊಟ್ಟಿದ್ದೆವು. ಆಕೆಯ ಗಂಡ ಮಡೆಪ್ಪ ಕುರಿ ಕಾಯುತ್ತಿದ್ದ, ಸ್ವಲ್ಪ ಹೊಲವನ್ನೂ ಉಳುತ್ತಿದ್ದ. ಕಳೆದ ವರ್ಷ ಯುಗಾದಿಯ ಎಂಟನೆಯ ದಿನ, ಎರಡೇ ದಿನದ ಜ್ವರದಲ್ಲಿ ತೀರಿಕೊಂಡ. ತಂಗಿ ಹೆರಿಗೆಗೆ ತವರಾದ ಕೊಹಿನೂರಿಗೆ ಬಂದಳು. ಕಾರ್ತಿಕ ಹುಣ್ಣಿಮೆ ಕಳೆದು ವಾರಕ್ಕೆ ಗಂಡು ಹುಟ್ಟಿತು. ಮಡೆಪ್ಪನ ತಮ್ಮ ಪಂಡರಿ ಹುಮನಾಬಾದದಲ್ಲಿರುವ ತಮ್ಮ ಕಚೇರಿಗೆ ಬಂದು, ಈ ಕೂಸು ನಮ್ಮಣ್ಣನದಲ್ಲ, ಹೊಲ ನನ್ನ ಹೆಸರಿಗಾಗಬೇಕು ಎಂದು ತಕರಾರು ಹಾಕಿದ. ಪ್ರಶ್ನೆ ಇಷ್ಟೇ ಆಗಿತ್ತು: ಕೂಸು ಹೊಟ್ಟೆಯಲ್ಲಿ ಎಷ್ಟು ತಿಂಗಳು ಇತ್ತು?

ನಮ್ಮ ಕಡೆ ಬಸಿರನ್ನು ಹೇಗೆ ಎಣಿಸುತ್ತಾರೆಂದು ತಾವು ಕೇಳಲಿಲ್ಲ. ನಾನೇ ಹೇಳುತ್ತೇನೆ. ಹೆಣ್ಣುಮಗಳು ಕೊನೆಯ ಸಲ ಮುಟ್ಟಾದ ಮೇಲೆ ಬರುವ ಪ್ರತಿ ಅಮಾವಾಸ್ಯೆಗೆ ಸೂಲಗಿತ್ತಿ ಕರಿದಾರಕ್ಕೆ ಒಂದು ಗಂಟು ಹಾಕುತ್ತಾಳೆ. ಸುದ್ದಿ ತಡವಾಗಿ ತಿಳಿದರೆ ಹಿಂದಿನವನ್ನು ಕೇಳಿಕೊಂಡು ಹಾಕುತ್ತಾಳೆ. ಡಾಕ್ಟರರೂ ಕೊನೆಯ ಮುಟ್ಟಿನಿಂದಲೇ ಎಣಿಸುತ್ತಾರಂತೆ. ಗಂಡ ಹೆಂಡತಿ ಕೂಡಿದ ದಿನವನ್ನು ಯಾರು ತಾನೇ ಗೋಡೆಯ ಮೇಲೆ ಬರೆದಿಡುತ್ತಾರೆ? ಕೂಸಿಗೆ ಹೆಸರಿಡುವ ದಿನ ಅದೇ ದಾರವನ್ನು ಅದರ ಉಡಿದಾರವಾಗಿ ಕಟ್ಟುತ್ತಾರೆ.

ಕೂಸಿಗೆ ಹೆಸರಿಡುವ ಮೊದಲೇ ಆ ದಾರವನ್ನು ಸೂಲಗಿತ್ತಿ ಬಾಳಮ್ಮನಿಂದ ಇಸಿದುಕೊಂಡು ತಮ್ಮ ಮೇಜಿನ ಮೇಲೆ ಇಟ್ಟವನು ನಾನು. ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕೆಂದು ಎದೆಯುಬ್ಬಿಸಿಕೊಂಡು ಇಟ್ಟೆ. ಇಡುವ ಮೊದಲು ಗಂಟು ಎಣಿಸಿರಲಿಲ್ಲ. ಒಂಬತ್ತು ಇದ್ದೇ ಇರುತ್ತವೆ ಅಂದುಕೊಂಡಿದ್ದೆ.

ತಾವು ಬಾಳಮ್ಮನನ್ನು ಕೇಳಿದಿರಿ, ಎಷ್ಟು ಗಂಟು ಎಂದು.

“ಎಂಟ್ರಿ.”

“ಪಕ್ಕಾ?”

“ಪಕ್ಕಾ ರಿ ಸಾಹೇಬ್ರ. ನನ್ನ ಕೈಲೇ ಹಾಕೀನ್ರಿ. ಕೂಸ ಮಾತ್ರ ದಿನಾ ತುಂಬಿದ್ದೇ ಐತ್ರಿ, ಉಗುರ ಬೆರಳ ದಾಟಿದ್ವು.”

ಉಗುರಿನ ಮಾತನ್ನು ತಾವು ಬರೆಸಿಕೊಳ್ಳಲಿಲ್ಲ. ಹುಟ್ಟಿದ ತಾರೀಖಿನಿಂದ ಎಂಟು ತಿಂಗಳು ಹಿಂದಕ್ಕೆ ಎಣಿಸಿದಿರಿ. ಮಡೆಪ್ಪ ಸತ್ತ ಐದನೆಯ ದಿನಕ್ಕೆ ಬಂದು ನಿಂತಿರಿ. ಅಲ್ಲಿಗೆ ಮುಗಿಯಿತು.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ಬಾಳಮ್ಮನನ್ನು ಕೇಳಿದೆ, ಒಂದು ಗಂಟು ಎಲ್ಲಿ ಹೋಯಿತು ಎಂದು. ಆಕೆ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

“ಈ ಸಲ ಜ್ಯೇಷ್ಠ ಎರಡ ಬಂದಿದ್ವಲ್ಲ ಮಾಸ್ತರ. ಧೋಂಡ್ಯಾ ತಿಂಗಳಿಗಿ ಯಾರರ ಗಂಟ ಹಾಕ್ತಾರೇನ್ರಿ? ಆ ತಿಂಗಳದಾಗ ಮದಿವಿ ಇಲ್ಲ, ಕುಬಸ ಇಲ್ಲ, ತೊಟ್ಲಾ ಕಟ್ಟಂಗಿಲ್ಲ. ಅದನ್ನ ಕೂಸಿನ ದಾರಕ್ಕ ಹ್ಯಾಂಗ ಕಟ್ಟಲಿ?”

“ಒಳಗ ಯಾಕ ಹೇಳಲಿಲ್ಲ?”

“ಗಂಟ ಎಷ್ಟ ಅಂತ ಕೇಳಿದ್ರು. ಹೇಳಿದೆ. ಸುಳ್ಳ ಹೇಳ್ಬೇಕಿತ್ತೇನ್ರಿ?”

ಅಧಿಕ ಮಾಸವನ್ನು ಲೆಕ್ಕಕ್ಕೆ ಹಿಡಿಯದಿರುವುದು ಬಾಳಮ್ಮನ ಧರ್ಮ. ಆದರೆ ಕೂಸು ಪಂಚಾಂಗ ನೋಡಿ ಬೆಳೆಯುವುದಿಲ್ಲ, ಆ ತಿಂಗಳೂ ಅದು ಒಳಗೆ ಬೆಳೆಯುತ್ತಲೇ ಇತ್ತು. ಅವತ್ತೇ ಒಳಗೆ ಹೋಗಿ ಇದನ್ನೆಲ್ಲ ಹೇಳಿದೆ. ‘ನೀವೇ ತಂದ ಪುರಾವೆ, ಈಗ ನೀವೇ ಅಲ್ಲಗಳೆಯುತ್ತೀರಾ’ ಎಂದಿರಿ. ತಮ್ಮ ಗೋಡೆಯ ಮೇಲೆ ಫಸಲಿ, ಹಿಜರಿ, ಇಂಗ್ಲಿಷ್ ಮೂರೂ ಕ್ಯಾಲೆಂಡರುಗಳಿದ್ದವು. ಒಂದರಲ್ಲೂ ಎರಡು ಜ್ಯೇಷ್ಠ ಇರಲಿಲ್ಲ. ನಾಲ್ಕನೆಯದಕ್ಕೆ ಒಂದು ಮೊಳೆ ಹೊಡೆಸುವಷ್ಟು ಜಾಗ ಮಾತ್ರ ಗೋಡೆಯಲ್ಲಿ ಧಾರಾಳವಾಗಿತ್ತು.

ದಾರದ ಮೊದಲ ಗಂಟು ಯಾವ ಅಮಾವಾಸ್ಯೆಯದೆಂದಾದರೂ ಕೇಳಬಹುದಿತ್ತು. ಅದು ಯುಗಾದಿಯ ಅಮಾವಾಸ್ಯೆಯದು. ಮಡೆಪ್ಪ ಮರುದಿನ ಬೇವು ಬೆಲ್ಲ ತಿಂದಿದ್ದಾನೆ. ಕೊನೆಯದು ದೀಪಾವಳಿಯದು. ಮೊದಲನೆಯದರಿಂದ ಕೊನೆಯದರವರೆಗೆ ಬೆರಳು ಮಡಚಿ ಎಣಿಸಿ, ಎರಡೂ ಜ್ಯೇಷ್ಠಗಳನ್ನು ಹಿಡಿದು ಎಣಿಸಿ, ಒಂಬತ್ತು ಬರುತ್ತದೆ. ಅದೂ ಬೇಡ. ಗಂಡ ಸತ್ತ ಐದನೆಯ ದಿನ ನನ್ನ ತಂಗಿ ಎಲ್ಲಿದ್ದಳು? ಸೂತಕದ ಮನೆಯಲ್ಲಿ, ಗೋಡೆಗೆ ಒರಗಿ, ಇಪ್ಪತ್ತು ಜನ ಹೆಂಗಸರ ನಡುವೆ ಕೂತಿದ್ದಳು. ಅವರಲ್ಲಿ ಪಂಡರಿಯ ಹೆಂಡತಿಯೂ ಇದ್ದಳು. ತಮ್ಮ ಫೈಸಲಾ ಬರೆದ ಲೇಖನಿಗೆ ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಕು. ಕೇಳುವ ಶಕ್ತಿ ಇಲ್ಲ.

ಫೈಸಲಾದ ಸುದ್ದಿಯನ್ನು ತಂಗಿಗೆ ನಾನೇ ಹೇಳಿದೆ. ಆಕೆ ಜೋಳ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ.

“ದಾರಾ ಯಾಕ ಕೊಟ್ಟಿ ಅಣ್ಣಾ? ನನಗ ಕೇಳ್ಬೇಕಿಲ್ಲ? ಶಿವರಾತ್ರಿ ಆಗಿ ವಾರಕ್ಕ ನಾ ಮುಟ್ಟಾಗಿದ್ದೆ. ಅವರಿಗಿ ಜ್ವರಾ ಬಂದ ದಿನಾ, ‘ಎರಡ ದಿನಾ ಮ್ಯಾಲಾಗ್ಯಾದ’ ಅಂತ ಹೇಳಿದ್ದೆ. ‘ಇನ್ನೆರಡ ದಿನಾ ನೋಡಿ ಅವ್ವಗ ಹೇಳೂಣು’ ಅಂದ್ರು. ನಗಾಕತ್ತಿದ್ರು.”

ಇನ್ನೆರಡು ದಿನಕ್ಕೆ ಆತ ಇರಲಿಲ್ಲ. ಬಾಳಮ್ಮನನ್ನು ಕರೆಸಿದಿರಿ, ಪಂಡರಿಯನ್ನು ಕರೆಸಿದಿರಿ, ನನ್ನನ್ನು ಕರೆಸಿದಿರಿ. ಹೊತ್ತವಳು ಹೊರಗೆ ಕಟ್ಟೆಯ ಮೇಲೆ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ತಾವು ಆಕೆಯನ್ನು ಕೇಳಲಿಲ್ಲ. ಒಂದೇ ಮನೆಯಲ್ಲಿದ್ದ ನಾನೂ ಕೇಳಲಿಲ್ಲ. ಈ ಒಂದು ವಿಷಯದಲ್ಲಿ ತಮಗೂ ನನಗೂ ವ್ಯತ್ಯಾಸವಿಲ್ಲ, ಅದೇ ನನ್ನನ್ನು ಕೊಲ್ಲುತ್ತಿದೆ.

ಹೊಲವನ್ನು ಪಂಡರಿಯೇ ಉಳಲಿ. ನನ್ನ ಬೇಡಿಕೆ ಬೇರೆ. ಜಿಜಾಬಾಯಿಯನ್ನು ಕರೆಸಿ, ಕೂರಿಸಿ, ಆಕೆಯ ಮಾತು ಬರೆಸಿಕೊಳ್ಳಿ. ‘ನಾಮಾಲೂಮ್’ ಹೊಡೆದು ‘ಮಡೆಪ್ಪ’ ಎಂದು ಬರೆಸಿ. ಆಮೇಲೆ ತಮ್ಮ ಕಡತದಲ್ಲಿರುವ ಆ ಕರಿದಾರವನ್ನು ಮರಳಿಸಿ. ಹೊಸ ದಾರ ತಂದುಕೊಟ್ಟೆ, ಬಾಳಮ್ಮ ಒಪ್ಪಿದರೂ ತಂಗಿ ಬೇಡವೆಂದಳು. ಕೂಸು ಈಗ ಅಂಬೆಗಾಲಿಡುತ್ತದೆ. ಅದರ ಸೊಂಟ ಬರಿದಾಗಿದೆ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ.

ಇಂತಿ,
ಮಕ್ಕಳಿಗೆ ಲೆಕ್ಕ ಕಲಿಸುವ, ಎಂಟು ಗಂಟನ್ನು ಎಣಿಸದೆ ಕೊಟ್ಟ,
ಶಿವರಾಜ ಮಾಸ್ತರ
ಕೊಹಿನೂರ, ಕಲ್ಯಾಣದ ಹತ್ತಿರ
ಫಸಲಿ ೧೩೫೨ (ಇಸವಿ ೧೯೪೩)